ಬಿಳಿ ಕಣ ಮೊದಲು: ರೋಗಿಯ ರಕ್ತದಿಂದ ಮಲೇರಿಯಾ ಪರಾವಲಂಬಿಯನ್ನು ಬೇರ್ಪಡಿಸುವ ಬಗೆ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ವೈವಾಕ್ಸ್ ಮಲೇರಿಯಾ ರೋಗಿಗಳಿಂದ ತಲಾ 3 ಮಿಲಿಲೀಟರ್ ರಕ್ತ ಸಿಗುತ್ತದೆ. ಹಿರಿಯರೊಬ್ಬರು ಬರೆದಿಟ್ಟ ಕ್ರಮದಂತೆ ಸಪೋನಿನ್ ಹಾಕಿ ಕೆಂಪು ಕಣಗಳನ್ನು ಒಡೆದು, ತಳದಲ್ಲಿ ಕೂತ ಗಸಿಯಿಂದ ಡಿಎನ್‌ಎ ತೆಗೆದು ಅದನ್ನು ಓದಿಸಲು ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಬಂದ ವರದಿಯಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಮನುಷ್ಯನ ಡಿಎನ್‌ಎ! ಈಗ ಕಣಗಳನ್ನು ಸಾಂದ್ರತೆಯಿಂದ ಬೇರ್ಪಡಿಸುವ ಪರ್ಕಾಲ್ ದ್ರಾವಣ ಕೊಳ್ಳಲೇ, ಅಯಸ್ಕಾಂತದಿಂದ ಹಿಡಿಯುವ ಮ್ಯಾಗ್ನೆಟ್ ಕಾಲಂ ಕೊಳ್ಳಲೇ? ಕಳೆದ ಮಳೆಗಾಲದ 30 ಮಾದರಿಗಳು ಫ್ರೀಜರಿನಲ್ಲಿವೆ. ಅವುಗಳಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಒಂದಿಷ್ಟು ಸೆಲ್ಯುಲೋಸ್ ಪುಡಿ, 10 ಮಿಲಿಲೀಟರಿನ ಕೆಲವು ಸಿರಿಂಜು, ಮತ್ತು ರಕ್ತ ತೆಗೆದ ಆರು ಗಂಟೆಯೊಳಗೆ ಅದು ನಿಮ್ಮ ಮೇಜಿಗೆ ಬರುವ ವ್ಯವಸ್ಥೆ. ಯಾಕೆಂದು ವಿವರಿಸುತ್ತೇನೆ. ಕಾರಣ ತಿಳಿದರೆ ಮುಂದೆ ಯಾವ ಪ್ರಯೋಗಕ್ಕೆ ಯಾವ ವಿಧಾನ ಎಂದು ನೀವೇ ನಿರ್ಧರಿಸಬಲ್ಲಿರಿ.

"ಪರಾವಲಂಬಿಯನ್ನು ಬೇರ್ಪಡಿಸುವುದು" ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಯಾವುದರಿಂದ ಬೇರ್ಪಡಿಸುವುದು ಎಂದು ಕೇಳಿಕೊಳ್ಳುವುದಿಲ್ಲ. ಬಿಳಿ ರಕ್ತಕಣಗಳಿಂದ ಬೇರ್ಪಡಿಸುವುದು ಒಂದು ಕೆಲಸ. ಸೋಂಕು ತಗಲದ ಕೆಂಪು ಕಣಗಳಿಂದ ಬೇರ್ಪಡಿಸುವುದು ಇನ್ನೊಂದು. ತಾನು ಮನೆಮಾಡಿಕೊಂಡ ಕೆಂಪು ಕಣದೊಳಗಿನಿಂದಲೇ ಪರಾವಲಂಬಿಯನ್ನು ಹೊರತೆಗೆಯುವುದು ಮತ್ತೊಂದು. ಈ ಮೂರಕ್ಕೂ ಸಲಕರಣೆ ಬೇರೆ, ತತ್ತ್ವ ಬೇರೆ. ನೀವು ಮಾಡಿದ್ದು ಮೂರನೆಯದನ್ನು, ನಿಮಗೆ ಬೇಕಿದ್ದುದು ಮೊದಲನೆಯದು.

ಲೆಕ್ಕ ಹಾಕಿ ನೋಡಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣ, 6,000 ಬಿಳಿ ಕಣ ಇವೆ ಎನ್ನೋಣ. ರೋಗಿಯ ಅಷ್ಟೇ ರಕ್ತದಲ್ಲಿ 5,000 ಪರಾವಲಂಬಿಗಳಿವೆ ಎಂದುಕೊಳ್ಳಿ. ವೈವಾಕ್ಸ್‌ನಲ್ಲಿ ಇದು ಕಡಿಮೆಯೇನಲ್ಲ. ಅದು ಹೊಕ್ಕುವುದು ಎಳೆಯ ಕೆಂಪು ಕಣಗಳನ್ನು, ಅಂದರೆ ರೆಟಿಕ್ಯುಲೊಸೈಟ್‌ಗಳನ್ನು. ಅವು ಇರುವುದೇ ನೂರಕ್ಕೆ ಒಂದೋ ಎರಡೋ. ಹಾಗಾಗಿ ಸಂಖ್ಯೆ ಬಹಳ ಮೇಲೇರುವುದಿಲ್ಲ. ಪ್ರೌಢ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಆದ್ದರಿಂದ ಡಿಎನ್‌ಎ ಲೆಕ್ಕಕ್ಕೆ ಆ 50 ಲಕ್ಷ ಕಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಿಳಿ ಕಣದ ವಿಷಯ ಹಾಗಲ್ಲ. ಒಂದು ಬಿಳಿ ಕಣದಲ್ಲಿ ಸುಮಾರು 640 ಕೋಟಿ ಬೇಸ್ ಜೋಡಿಗಳಿವೆ. ವೈವಾಕ್ಸ್‌ನ ಒಂದು ಜೀನೋಮ್‌ನಲ್ಲಿರುವುದು ಮೂರು ಕೋಟಿಗೂ ಕಡಿಮೆ. ಹೆಚ್ಚುಕಡಿಮೆ 230 ಪರಾವಲಂಬಿಗಳು ಸೇರಿದರೆ ಒಂದು ಬಿಳಿ ಕಣದ ಡಿಎನ್‌ಎಗೆ ಸಮ. ಆ 6,000 ಬಿಳಿ ಕಣಗಳನ್ನು ಸರಿಗಟ್ಟಲು 14 ಲಕ್ಷ ಪರಾವಲಂಬಿಗಳು ಬೇಕು, ನಿಮ್ಮಲ್ಲಿರುವುದು 5,000. ಸಾವಿರ ತುಣುಕು ಓದಿದರೆ ಮೂರೋ ನಾಲ್ಕೋ ಪರಾವಲಂಬಿಯದು. ನಿಮ್ಮ ವರದಿ ಹೇಳಿದ್ದೂ ಅದನ್ನೇ. ಸೀಕ್ವೆನ್ಸಿಂಗ್ ಮಾಡಿದವರ ತಪ್ಪಲ್ಲ, ನಿಮ್ಮ ಕೈಚಳಕದ ಕೊರತೆಯೂ ಅಲ್ಲ.

ಹಾಗಾದರೆ ಸಪೋನಿನ್ ಮಾಡಿದ್ದೇನು? ಅದು ಕೊಲೆಸ್ಟರಾಲ್ ಇರುವ ಪೊರೆಯನ್ನು ಹಿಡಿದು ತೂತು ಮಾಡುತ್ತದೆ. ಕೆಂಪು ಕಣದ ಪೊರೆಯಲ್ಲಿ ಕೊಲೆಸ್ಟರಾಲ್ ಹೇರಳ, ಪರಾವಲಂಬಿಯ ಸ್ವಂತ ಪೊರೆಯಲ್ಲಿ ತೀರ ಕಡಿಮೆ. ಆದ್ದರಿಂದ ಶೇ 0.1ರ ಆಸುಪಾಸಿನ ಸಪೋನಿನ್ ಹಾಕಿದರೆ ಕೆಂಪು ಕಣ ಒಡೆದು ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ, ಪರಾವಲಂಬಿ ಇಡಿಯಾಗಿ ಉಳಿದು ಸೆಂಟ್ರಿಫ್ಯೂಜಿನಲ್ಲಿ ಕಂದುಗಪ್ಪು ಗಸಿಯಾಗಿ ಕೂರುತ್ತದೆ. ಪ್ರೋಟೀನ್ ಕೆಲಸಕ್ಕೆ, ಹಿಮೋಗ್ಲೋಬಿನ್ ಕಾಟ ತಪ್ಪಿಸುವುದಕ್ಕೆ ಇದು ಒಳ್ಳೆಯ ವಿಧಾನ. ಆದರೆ ಬಿಳಿ ಕಣಗಳ ನ್ಯೂಕ್ಲಿಯಸ್‌ಗಳೂ ಅದೇ ಗಸಿಯೊಳಗೆ ಬಂದು ಕೂರುತ್ತವೆ. ನಿಮ್ಮ ಹಿರಿಯರ ಕ್ರಮ ಬಹುಶಃ ಫಾಲ್ಸಿಪಾರಂ ಎಂಬ ಇನ್ನೊಂದು ಮಲೇರಿಯಾ ಪರಾವಲಂಬಿಯ ಕಲ್ಚರಿಗೆ ಬರೆದದ್ದು. ಟ್ರೇಗರ್ ಮತ್ತು ಜೆನ್ಸನ್ 1976ರಲ್ಲಿ ತೋರಿಸಿಕೊಟ್ಟ ಮೇಲೆ ಫಾಲ್ಸಿಪಾರಂ ಅನ್ನು ಫ್ಲಾಸ್ಕಿನಲ್ಲಿ ಬೆಳೆಸುವುದು ಎಲ್ಲೆಡೆ ರೂಢಿಯಾಯಿತು. ಆ ಫ್ಲಾಸ್ಕಿಗೆ ಹಾಕುವ ಕೆಂಪು ಕಣಗಳಿಂದ ಬಿಳಿ ಕಣಗಳನ್ನು ಮೊದಲೇ ತೆಗೆದಿರುತ್ತಾರೆ. ಕಲ್ಚರಿನ ಕ್ರಮವನ್ನು ರೋಗಿಯ ರಕ್ತಕ್ಕೆ ಹಾಗೇ ಇಳಿಸಿದರೆ ಹೀಗೆ ಆಗುತ್ತದೆ.

ಈಗ ಪರ್ಕಾಲ್. ನಮ್ಮ ರೈತರು ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆಯುವುದನ್ನು ನೀವು ನೋಡಿರಬಹುದು. ಗಟ್ಟಿ ಕಾಳು ಮುಳುಗುತ್ತದೆ, ಟೊಳ್ಳು ತೇಲುತ್ತದೆ. ಪರ್ಕಾಲ್ ಮಾಡುವುದು ಇದನ್ನೇ, ಆದರೆ ಇಲ್ಲಿ ನಮಗೆ ಬೇಕಾದದ್ದು ತೇಲುವ ಜೊಳ್ಳು. ಪರಾವಲಂಬಿ ಬೆಳೆಯುತ್ತ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ತಿಂದು ಮುಗಿಸುತ್ತದೆ, ಕಣ ಹಗುರಾಗುತ್ತದೆ. ಫಾಲ್ಸಿಪಾರಂನಲ್ಲಿ ಶೇ 60ರಿಂದ 65ರ ಪರ್ಕಾಲ್, ವೈವಾಕ್ಸ್‌ನಲ್ಲಿ ಶೇ 45ರ ಆಸುಪಾಸು ಬಳಸಿದರೆ ಶೈಜಾಂಟ್‌ಗಳು, ಅಂದರೆ ಬಲಿತು ಒಳಗೆ ಹಲವಾಗಿ ಒಡೆಯುತ್ತಿರುವ ಪರಾವಲಂಬಿಗಳಿರುವ ಕಣಗಳು, ಮೇಲೆ ಪಟ್ಟಿಯಾಗಿ ನಿಲ್ಲುತ್ತವೆ, ಸೋಂಕಿಲ್ಲದ ಕಣಗಳೂ ಉಂಗುರದಂತೆ ಕಾಣುವ ಮೊದಲ ಹಂತದ, ಅಂದರೆ ರಿಂಗ್ ಹಂತದ, ಕಣಗಳೂ ತಳಕ್ಕಿಳಿಯುತ್ತವೆ. ರಿಂಗ್ ಇನ್ನೂ ಎಳೆಯದು, ಅದು ತಿಂದದ್ದೇ ಕಡಿಮೆ, ಅದರ ಕಣದ ತೂಕ ಇಳಿದಿರುವುದಿಲ್ಲ.

ತೊಡಕು ಇರುವುದು ಇಲ್ಲೇ. ಬಿಳಿ ಕಣಗಳೂ ಹಗುರವೇ. ಲಿಂಫೊಸೈಟ್, ಮೊನೊಸೈಟ್‌ಗಳ ಸಾಂದ್ರತೆ 1.077ಕ್ಕಿಂತ ಕಡಿಮೆ. ಅಂದರೆ ಅವೂ ನಿಮ್ಮ ಶೈಜಾಂಟ್‌ಗಳ ಜೊತೆ ಅದೇ ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ರೋಗಿಯೊಬ್ಬರ ರಕ್ತವನ್ನು ನೇರವಾಗಿ ಪರ್ಕಾಲ್ ಮೇಲೆ ಮೆಲ್ಲಗೆ ಇಳಿಬಿಟ್ಟೆ. ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಮಾಡಿ ತಾನಾಗಿ ನಿಲ್ಲಲು ಬಿಟ್ಟು ಟ್ಯೂಬ್ ತೆಗೆದರೆ, ಕೆಳಗೆ ದಟ್ಟ ಕೆಂಪು, ನಡುವೆ ತಿಳಿ, ಅದರ ಮೇಲೆ ಬೂದುಗಂದು ಬಣ್ಣದ ಅಚ್ಚುಕಟ್ಟಾದ ಒಂದು ಪಟ್ಟಿ. ಖುಷಿಯಿಂದ ಪಿಪೆಟ್‌ನಲ್ಲಿ ಎತ್ತಿ, ಸ್ಲೈಡ್ ಮೇಲೆ ಎಳೆದು, ಗೀಮ್ಸಾ ಬಣ್ಣ ಹಾಕಿ ಆಯಿಲ್ ಇಮ್ಮರ್ಶನ್‌ನಲ್ಲಿ ನೋಡಿದೆ. ಫೀಲ್ಡ್ ಫೀಲ್ಡಿಗೂ ಕಡುನೇರಳೆ ಬಣ್ಣದ ದಪ್ಪ ನ್ಯೂಕ್ಲಿಯಸ್‌ಗಳು. ಅವುಗಳ ಸಂದಿನಲ್ಲಿ ಅಲ್ಲೊಂದು ಇಲ್ಲೊಂದು ಶೈಜಾಂಟ್. ಕೆಲವು ಮೊನೊಸೈಟ್‌ಗಳ ಹೊಟ್ಟೆಯಲ್ಲಂತೂ ನುಂಗಿದ ಪರಾವಲಂಬಿಯ ಕಪ್ಪು ಬಣ್ಣದ ಕಣಗಳೂ ಇದ್ದವು. ಪರಾವಲಂಬಿಗಳ ಜೊತೆಗೆ ಬಿಳಿ ಕಣಗಳನ್ನೂ ನಾನೇ ಸಾಂದ್ರಗೊಳಿಸಿ ಇಟ್ಟಿದ್ದೆ. ಆ ಸ್ಲೈಡನ್ನು ಇವತ್ತಿಗೂ ಎಸೆದಿಲ್ಲ. ಹೊಸಬರು ಯಾರೇ ಬಂದರೂ ಮೊದಲು ಅದನ್ನೇ ತೋರಿಸುತ್ತೇನೆ.

ಆದ್ದರಿಂದ ಕ್ರಮ ಮುಖ್ಯ. ಬಿಳಿ ಕಣ ಮೊದಲು ಹೋಗಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ಅದಕ್ಕೇ ಸೆಲ್ಯುಲೋಸ್ ಕಾಲಂ. ನಾರುನಾರಾದ ಸೆಲ್ಯುಲೋಸ್ ಪುಡಿಗೆ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಅಂಟಿಕೊಳ್ಳುತ್ತವೆ, ನಾರಿನ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಾಗಿ ಬಳುಕುವ ಕೆಂಪು ಕಣಗಳು, ಸೋಂಕಿನವೂ ಸೇರಿ, ನುಸುಳಿ ಕೆಳಗೆ ಬರುತ್ತವೆ. ಬಹಳ ಕಾಲ ಎಲ್ಲರೂ ಬಳಸುತ್ತಿದ್ದುದು ವಾಟ್‌ಮನ್ ಸಿಎಫ್11 ಎಂಬ ಪುಡಿ. ಅದರ ತಯಾರಿಕೆ ನಿಂತುಹೋಯಿತು. ಹಳೆಯ ಪ್ರೋಟೋಕಾಲ್‌ಗಳಲ್ಲಿ ಆ ಹೆಸರು ನೋಡಿ ಹುಡುಕಾಡಬೇಡಿ. ಬೇರೆ ಕಂಪನಿಗಳ ನಾರಿನ ಸೆಲ್ಯುಲೋಸ್ ಪುಡಿಗಳೂ ಇದೇ ಕೆಲಸ ಮಾಡುತ್ತವೆ. ಆದರೆ ಹೊಸ ಡಬ್ಬಿ ತೆರೆದಾಗಲೆಲ್ಲ ಆರೋಗ್ಯವಂತರ ರಕ್ತದಲ್ಲಿ ಒಮ್ಮೆ ಪರೀಕ್ಷಿಸಿದ ಮೇಲೆಯೇ ರೋಗಿಯ ಮಾದರಿಗೆ ಹೋಗಿ. ಪ್ಲಾಸ್ಮೋಡಿಪುರ್‌ನಂಥ ಸಿದ್ಧ ಫಿಲ್ಟರುಗಳಿವೆ, ನೇಯದ ಬಟ್ಟೆಯ ಫಿಲ್ಟರುಗಳೂ ಇವೆ. ಕೆಲಸ ಸುಲಭ, ಬೆಲೆ ಹೆಚ್ಚು. ವಿದ್ಯಾರ್ಥಿಯ ಬಜೆಟ್ಟಿಗೆ ಪುಡಿಯೇ ಸರಿ.

ಮಾಡುವ ಬಗೆ ಹೀಗೆ. ಸಿರಿಂಜಿನ ಪ್ಲಂಜರ್ ತೆಗೆದು, ತಳಕ್ಕೆ ಲೆನ್ಸ್ ಒರೆಸುವ ಕಾಗದವನ್ನು ಗುಂಡಗೆ ಕತ್ತರಿಸಿ ಎರಡು ಪದರ ಹಾಸಿ. ಸೆಲ್ಯುಲೋಸ್ ಪುಡಿಯನ್ನು ಅರ್ಧದವರೆಗೆ ತುಂಬಿ, ಪ್ಲಂಜರಿನಿಂದ ಹದವಾಗಿ ಒತ್ತಿ. ಈ ಹದ ಕೈಗೆ ಬರಲು ನಾಲ್ಕೈದು ಕಾಲಂ ಕೆಡಬೇಕು. ಸಡಿಲವಾದರೆ ರಕ್ತ ಒಂದೇ ಕಡೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ, ಬಿಳಿ ಕಣವೂ ಅದರ ಜೊತೆ ಇಳಿಯುತ್ತದೆ. ಬಿಗಿಯಾದರೆ ರಕ್ತ ಇಳಿಯುವುದೇ ಇಲ್ಲ, ಒತ್ತಡ ಹಾಕಿ ತಳ್ಳಿದರೆ ಕಣಗಳು ಒಡೆಯುತ್ತವೆ. ಒತ್ತಿದ ಪುಡಿಯನ್ನು ಪಿಬಿಎಸ್‌ನಿಂದ (ಕಣಗಳು ಒಡೆಯದಂತೆ ಹದಮಾಡಿದ ಉಪ್ಪಿನ ದ್ರಾವಣ) ಪೂರ್ತಿ ನೆನೆಸಿ. ಇತ್ತ ರಕ್ತವನ್ನು ನಿಧಾನ ವೇಗದಲ್ಲಿ ತಿರುಗಿಸಿ ಮೇಲಿನ ಪ್ಲಾಸ್ಮಾ ತೆಗೆದಿಡಿ. ಅದನ್ನು ಚೆಲ್ಲಬೇಡಿ, ಪ್ರತಿಕಾಯ ನೋಡುವವರಿಗೆ ಅದು ಬೇಕು. ಮೇಲೆ ತೆಳುವಾಗಿ ಬೆಳ್ಳಗೆ ಕಾಣುವ ಬಫಿ ಕೋಟನ್ನು ಪಿಪೆಟ್‌ನಿಂದ ಎತ್ತಿಬಿಡುವ ಆಸೆಯಾಗುತ್ತದೆ. ವೈವಾಕ್ಸ್‌ನಲ್ಲಿ ಆ ಆಸೆ ಬೇಡ. ಎಳೆಯ ಕೆಂಪು ಕಣಗಳೂ ಬೆಳೆದ ಪರಾವಲಂಬಿಗಳೂ ಹಗುರಾದ್ದರಿಂದ ಆ ಬಿಳಿ ಪದರಕ್ಕೆ ತಾಗಿಕೊಂಡೇ ಇರುತ್ತವೆ, ಅದನ್ನೆತ್ತಿದರೆ ಇವೂ ಹೋಗುತ್ತವೆ. ಉಳಿದ ಕಣಗಳನ್ನೆಲ್ಲ ಪಿಬಿಎಸ್‌ನಲ್ಲಿ ಎರಡರಷ್ಟಕ್ಕೆ ತೆಳುಗೊಳಿಸಿ ಕಾಲಂ ಮೇಲೆ ಸುರಿಯಿರಿ, ತನ್ನ ಭಾರಕ್ಕೆ ತಾನೇ ಇಳಿಯಲಿ. ಹಿಂದಿನಿಂದ ಪಿಬಿಎಸ್ ಹಾಕುತ್ತ ಹೋಗಿ, ಕೆಳಗೆ ಬರುವ ಹನಿ ತಿಳಿಗೆಂಪಾದಾಗ ನಿಲ್ಲಿಸಿ.

ಒಂದು ಕಾಲಂ ಸಾಕೇ? ಮತ್ತೆ ಅದೇ ಲೆಕ್ಕಕ್ಕೆ ಬನ್ನಿ. ನೂರಕ್ಕೆ 99 ಬಿಳಿ ಕಣ ಹೋದವು ಎನ್ನೋಣ. ಕೇಳಲು ಚೆನ್ನಾಗಿದೆ. ಆದರೆ ಉಳಿದ 60 ಬಿಳಿ ಕಣಗಳ ಡಿಎನ್‌ಎ ಸುಮಾರು 14,000 ಪರಾವಲಂಬಿಗಳಿಗೆ ಸಮ, ನಿಮ್ಮ 5,000ಕ್ಕೆ ಸಿಗುವುದು ನಾಲ್ಕನೇ ಒಂದು ಪಾಲು. ಸಾವಿರಕ್ಕೆ 999 ಹೋದರೆ ಉಳಿಯುವುದು ಆರು ಬಿಳಿ ಕಣ, ಆಗ ಮುಕ್ಕಾಲು ಪಾಲು ಪರಾವಲಂಬಿಯದೇ. 99ಕ್ಕೂ 99.9ಕ್ಕೂ ನಡುವಿನ ಈ ಅಂತರಕ್ಕಾಗಿ ಎರಡನೇ ಕಾಲಂ. ಪರಾವಲಂಬಿ ಕಡಿಮೆ ಇರುವ ಮಾದರಿಗಳಿಗೆ ಎರಡು ಸಲ ಹಾಯಿಸಿ. ಒಂದಷ್ಟು ಕೆಂಪು ಕಣ ನಷ್ಟವಾಗುತ್ತದೆ, ಆಗಲಿ.

ಹೋದದ್ದು ಎಷ್ಟು ಎಂದು ತಿಳಿಯಲು ತೆಳು ಸ್ಮಿಯರ್ ಮಾತ್ರ ನಂಬಬೇಡಿ. ಫೀಲ್ಡಿಗೆ 250 ಕೆಂಪು ಕಣದಂತೆ ನೂರು ಫೀಲ್ಡ್ ನೋಡಿದರೆ 25,000 ಕಣ. ಸೋಸುವ ಮೊದಲು ಅದರಲ್ಲಿ ಸುಮಾರು 30 ಬಿಳಿ ಕಣ ಸಿಗಬೇಕು. ಸೋಸಿದ ಮೇಲೆ 99 ಹೋಗಿದ್ದರೂ ಸೊನ್ನೆ ಕಾಣಬಹುದು, 99.9 ಹೋಗಿದ್ದರೂ ಸೊನ್ನೆಯೇ. ನಿಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿರುವ ಟರ್ಕ್ಸ್ ದ್ರಾವಣ ತನ್ನಿ. ಅದರ ಅಸಿಟಿಕ್ ಆಮ್ಲ ಕೆಂಪು ಕಣಗಳನ್ನು ಒಡೆದುಹಾಕುತ್ತದೆ, ಬಿಳಿ ಕಣಗಳ ನ್ಯೂಕ್ಲಿಯಸ್ ಬಣ್ಣ ಹಿಡಿಯುತ್ತದೆ. ಸೋಸಿದ ಕಣಗಳನ್ನು ರಕ್ತದ ಮೂಲ ಪ್ರಮಾಣಕ್ಕೆ ತಂದು, ಹತ್ತರಷ್ಟು ತೆಳುಮಾಡಿ ಕಣ ಎಣಿಸುವ ನ್ಯೂಬಾವರ್ ಚೇಂಬರಿನ ಒಂಬತ್ತೂ ಚೌಕ ಎಣಿಸಿ, ಹೀಗೆ ನಾಲ್ಕು ಸಲ. ಒಟ್ಟು 20ರ ಸುತ್ತ ಬಂದರೆ ನೀವು 99ರಲ್ಲಿದ್ದೀರಿ, ಒಂದೆರಡು ಬಂದರೆ 99.9ರಲ್ಲಿ. ಆಮೇಲೆ ಡಿಎನ್‌ಎ ತೆಗೆದ ಮೇಲೆ ಮನುಷ್ಯನ ಒಂದು ಜೀನ್, ವೈವಾಕ್ಸ್‌ನ ಒಂದು ಜೀನ್ ಇಟ್ಟು ಕ್ಯೂಪಿಸಿಆರ್ (ಯಾರ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿ. ಸೀಕ್ವೆನ್ಸಿಂಗ್‌ಗೆ ಹಣ ಕಟ್ಟುವುದು ಅದರ ಫಲಿತಾಂಶ ನೋಡಿದ ಮೇಲೆ.

ಮ್ಯಾಗ್ನೆಟ್ ಬಗ್ಗೆ ಕೇಳಿದ್ದೀರಿ. ನನಗೆ ಇಷ್ಟದ ವಿಧಾನ ಅದು, ಅದರ ಹಿಂದಿನ ತತ್ತ್ವ ಅಷ್ಟು ಚೆಂದ. ಹಿಮೋಗ್ಲೋಬಿನ್ ತಿಂದ ಮೇಲೆ ಉಳಿಯುವ ಹೀಮ್ ಪರಾವಲಂಬಿಗೆ ವಿಷ. ಅದನ್ನು ಹರಳುಗಟ್ಟಿಸಿ ಹೀಮೊಜೋಯಿನ್ ಮಾಡಿ ಒಳಗೇ ಕೂಡಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಂದುಗಪ್ಪು ಬಣ್ಣ ಅದೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾವನ್ನು ಗುರುತು ಹಿಡಿದದ್ದೂ ಇದೇ ಬಣ್ಣದ ಕಣಗಳಿಂದ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಹೀಮೊಜೋಯಿನ್‌ನ ಕಬ್ಬಿಣದಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳಿವೆ, ಅದು ಸ್ಪಂದಿಸುತ್ತದೆ. ಪ್ರಬಲ ಅಯಸ್ಕಾಂತದ ನಡುವೆ ಉಕ್ಕಿನ ಎಳೆಗಳೋ ಗುಂಡುಗಳೋ ತುಂಬಿದ ಕಾಲಂ ಇಟ್ಟು ರಕ್ತ ಹಾಯಿಸಿದರೆ ಬೆಳೆದ ಪರಾವಲಂಬಿ ಇರುವ ಕಣಗಳು ಅಲ್ಲೇ ನಿಲ್ಲುತ್ತವೆ. ಅಯಸ್ಕಾಂತದಿಂದ ಕಾಲಂ ಹೊರತೆಗೆದು ತೊಳೆದರೆ ಅವು ಕೈಗೆ ಸಿಗುತ್ತವೆ. 1981ರಲ್ಲಿ ಲ್ಯಾನ್ಸೆಟ್‌ನಲ್ಲಿ ಇದರ ವರದಿ ಬಂತು.

ಆದರೆ ಹೀಮೊಜೋಯಿನ್ ಕಡಿಮೆ ಇರುವ ರಿಂಗ್‌ಗಳು ನಿಲ್ಲದೆ ಹಾದುಹೋಗುತ್ತವೆ. ಫಾಲ್ಸಿಪಾರಂ ರೋಗಿಯ ರಕ್ತದಲ್ಲಿ ಕಾಣುವುದು ಬಹುತೇಕ ರಿಂಗ್‌ಗಳೇ. ಬೆಳೆದವು ಒಳಗಿನ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಕೂತಿರುತ್ತವೆ, ಮೊಳಕೈಯಿಂದ ಎಳೆದ ರಕ್ತದಲ್ಲಿ ಬರುವುದಿಲ್ಲ. ಅಲ್ಲಿ ಮ್ಯಾಗ್ನೆಟ್ ಹಿಡಿಯುವುದು ಗ್ಯಾಮಿಟೊಸೈಟ್‌ಗಳನ್ನು, ಅಂದರೆ ಸೊಳ್ಳೆಗೆ ದಾಟುವ ಲೈಂಗಿಕ ಹಂತದವನ್ನು ಮಾತ್ರ. ವೈವಾಕ್ಸ್‌ನಲ್ಲಿ ಎಲ್ಲ ಹಂತಗಳೂ ಹೊರಗಿನ ರಕ್ತದಲ್ಲಿ ಓಡಾಡುವುದರಿಂದ ನಿಮಗೆ ಅನುಕೂಲ ಹೆಚ್ಚು. ಇಲ್ಲೂ ಬಿಳಿ ಕಣ ಮೊದಲು: ಬಣ್ಣ ನುಂಗಿದ ಮೊನೊಸೈಟ್‌ಗಳೂ ಅಯಸ್ಕಾಂತಕ್ಕೆ ಅಂಟುತ್ತವೆ.

ಸಾರ್ಬಿಟಾಲ್ ಎಂದು ಯಾರಾದರೂ ಹೇಳಿದರೆ ಗೊಂದಲಪಡಬೇಡಿ. 1979ರಲ್ಲಿ ಲ್ಯಾಂಬ್ರೋಸ್ ಮತ್ತು ವಾಂಡರ್‌ಬರ್ಗ್ ಹೇಳಿಕೊಟ್ಟ ಈ ವಿಧಾನ ಫಾಲ್ಸಿಪಾರಂ ಕಲ್ಚರಿನಲ್ಲಿ ಎಲ್ಲ ಪರಾವಲಂಬಿಗಳನ್ನೂ ಒಂದೇ ವಯಸ್ಸಿಗೆ ತರುವುದಕ್ಕೆ. ಬೆಳೆದ ಪರಾವಲಂಬಿ ಇರುವ ಕಣದ ಪೊರೆ ಶೇ 5ರ ಸಾರ್ಬಿಟಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಿಂದೆಯೇ ನೀರು ನುಗ್ಗಿ ಕಣ ಒಡೆಯುತ್ತದೆ. ರಿಂಗ್‌ಗಳು ಉಳಿಯುತ್ತವೆ. ನಿಮ್ಮ ಕೆಲಸಕ್ಕೆ ಇದು ಬೇಡ.

ಪರ್ಕಾಲ್ ಎಂದಾದರೂ ಬೇಕಾದೀತೇ? ಆರ್‌ಎನ್‌ಎ ಅಥವಾ ಪ್ರೋಟೀನ್ ಕೆಲಸಕ್ಕೆ ಇಳಿದರೆ ಬೇಕು. ಎಳೆಯ ಕೆಂಪು ಕಣದಲ್ಲಿ ಡಿಎನ್‌ಎ ಇಲ್ಲದಿದ್ದರೂ ಆರ್‌ಎನ್‌ಎ ಉಳಿದಿರುತ್ತದೆ, ಗ್ಲೋಬಿನ್ನಿನದಂತೂ ವಿಪರೀತ. ಆಗ ಸೋಸಿದ ರಕ್ತವನ್ನು ಮೆಕಾಯ್ 5ಎ ಮಾಧ್ಯಮದಲ್ಲಿ ಎಬಿ ಗುಂಪಿನ ಸೀರಂ ಸೇರಿಸಿ 37 ಡಿಗ್ರಿಯಲ್ಲಿ ಒಂದೂವರೆ ದಿನದವರೆಗೆ ಬೆಳೆಸಿ, ಶೈಜಾಂಟ್ ಆದ ಮೇಲೆ ಪರ್ಕಾಲ್ ಹಾಕಬೇಕು. ಹೀಗೆ ಬೆಳೆಸುವುದರಿಂದ ಡಿಎನ್‌ಎಗೂ ಲಾಭವಿದೆ: ರಿಂಗ್‌ನಲ್ಲಿ ಜೀನೋಮಿನ ಒಂದೇ ಪ್ರತಿ ಇರುತ್ತದೆ, ಬಲಿತ ಶೈಜಾಂಟ್‌ನಲ್ಲಿ ಹತ್ತಕ್ಕೂ ಹೆಚ್ಚು. ಪರ್ಕಾಲನ್ನು ಬಾಟಲಿಯಿಂದ ನೇರವಾಗಿ ನೀರು ಸೇರಿಸಿ ಬಳಸಿದರೆ ಕಣಗಳು ಒಡೆದುಹೋಗುತ್ತವೆ. ಒಂಬತ್ತು ಪಾಲು ಪರ್ಕಾಲ್‌ಗೆ ಒಂದು ಪಾಲು ಹತ್ತುಪಟ್ಟು ಗಟ್ಟಿಯ ಪಿಬಿಎಸ್ ಬೆರೆಸಿ, ಅದನ್ನು ಶೇ 100 ಎಂದುಕೊಂಡು ಮುಂದಿನ ಲೆಕ್ಕ ಹಾಕಿ.

ಈಗ ಫ್ರೀಜರಿನ 30 ಮಾದರಿಗಳು. ಹಾಗೇ ಫ್ರೀಜ್ ಮಾಡಿದ ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ ಎರಡೂ ಒಡೆದಿರುತ್ತವೆ, ಎಲ್ಲರ ಡಿಎನ್‌ಎ ಬೆರೆತುಹೋಗಿರುತ್ತದೆ. ಕಣವೇ ಇಲ್ಲದ ಮೇಲೆ ಕಾಲಂ, ಪರ್ಕಾಲ್, ಮ್ಯಾಗ್ನೆಟ್ ಯಾವುದೂ ಉಪಯೋಗಕ್ಕಿಲ್ಲ. ಆದರೆ ಎಸೆಯಬೇಡಿ. ಪರಾವಲಂಬಿಯಲ್ಲಿ ಪದೇ ಪದೇ ಬರುವ, ಮನುಷ್ಯನಲ್ಲಿ ಅಪರೂಪವಾದ ಸಣ್ಣ ಪ್ರೈಮರುಗಳನ್ನು (ನಕಲು ಶುರುವಾಗುವ ಜಾಗ ಗುರುತಿಸುವ ಡಿಎನ್‌ಎ ಚೂರುಗಳನ್ನು) ಇಟ್ಟು ಫೈ29 ಎಂಬ ಪಾಲಿಮರೇಸ್‌ನಿಂದ, ಅಂದರೆ ಡಿಎನ್‌ಎ ನಕಲು ಮಾಡುವ ಕಿಣ್ವದಿಂದ, ಪರಾವಲಂಬಿಯ ಜೀನೋಮನ್ನೇ ಆರಿಸಿ ಹೆಚ್ಚಿಸುವ ವಿಧಾನವಿದೆ. ಫಾಲ್ಸಿಪಾರಂನ ಜೀನೋಮ್ ನೂರಕ್ಕೆ 80ರಷ್ಟು ಎ ಮತ್ತು ಟಿ ಬೇಸ್‌ಗಳಿಂದಲೇ ಆದದ್ದು. ಅಂಥ ಪ್ರೈಮರ್ ಅಲ್ಲಿ ಸುಲಭವಾಗಿ ಸಿಗುತ್ತದೆ. ವೈವಾಕ್ಸ್‌ನಲ್ಲಿ ಆ ಪಾಲು 60ರ ಆಸುಪಾಸು, ಮನುಷ್ಯನದಕ್ಕೆ ಹತ್ತಿರ, ಹಾಗಾಗಿ ಆಯ್ಕೆ ಕಷ್ಟ. ಆದರೂ ವೈವಾಕ್ಸ್‌ಗೆಂದೇ ರೂಪಿಸಿದ ಪ್ರೈಮರುಗಳು ಪ್ರಕಟವಾಗಿವೆ. ಪರಾವಲಂಬಿ ಹೆಚ್ಚು ಇದ್ದ ಮಾದರಿಗಳನ್ನು ಸ್ಲೈಡ್ ವರದಿ ನೋಡಿ ಆರಿಸಿ, ಅವುಗಳಿಂದ ಶುರುಮಾಡಿ. ಇಡೀ ಜೀನೋಮ್ ಬೇಡ, ಔಷಧ ನಿರೋಧಕತೆಯ ನಾಲ್ಕಾರು ಜೀನ್ ಸಾಕು ಎನ್ನುವುದಾದರೆ ಸಾದಾ ಪಿಸಿಆರ್ ಸಾಕು, ಮನುಷ್ಯನ ಡಿಎನ್‌ಎ ಇದ್ದರೂ ಅಡ್ಡಿಯಿಲ್ಲ.

ಇನ್ನು ಮುಂದಿನ ಮಾದರಿಗಳ ವಿಷಯ. ಡಿಎನ್‌ಎಗೆ ಮಾತ್ರವಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬಳಸಿ. ಹೆಪಾರಿನ್ ಬೇಡ, ಅದು ಪಿಸಿಆರ್‌ಗೆ ಅಡ್ಡಬರುತ್ತದೆ. ರಕ್ತ ಹಳೆಯದಾದಷ್ಟೂ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಒಡೆದು ಅವುಗಳ ಡಿಎನ್‌ಎ ಕಾಲಂ ದಾಟಿ ಬರುತ್ತದೆ. ಅದಕ್ಕೇ ನಮ್ಮಲ್ಲಿ ಆರು ಗಂಟೆ ಮೀರಿಸುವುದಿಲ್ಲ. ಸೋಸಿದ ಮೇಲೆ ಗಸಿಯನ್ನು ಫ್ರೀಜ್ ಮಾಡಬಹುದು, ಮೊದಲು ಮಾತ್ರ ಕೂಡದು. ಪ್ರತಿ ಟ್ಯೂಬಿನಲ್ಲೂ ಎಚ್‌ಐವಿ, ಹೆಪಟೈಟಿಸ್ ಬಿ ಇರಬಹುದು ಎಂದುಕೊಂಡೇ ಗ್ಲೌಸ್ ಹಾಕಿ, ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲಿ ಕೆಲಸ ಮಾಡಿ. ಇನ್ನೊಂದು ಮಾತು, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ನಿಮ್ಮ ಮೊದಲ ವರದಿಯಲ್ಲಿ ಬಂದಿರುವುದು ಒಬ್ಬ ರೋಗಿಯ ಸ್ವಂತ ಜೀನೋಮಿನ ತುಣುಕುಗಳು. ಅವರು ಒಪ್ಪಿಗೆ ಕೊಟ್ಟಿರುವುದು ಮಲೇರಿಯಾ ಅಧ್ಯಯನಕ್ಕೆ. ಆ ಫೈಲನ್ನು ಮನುಷ್ಯನ ತುಣುಕುಗಳನ್ನು ತೆಗೆಯದೆ ಯಾರಿಗೂ ಕಳಿಸಬೇಡಿ, ಸಾರ್ವಜನಿಕ ಭಂಡಾರಕ್ಕಂತೂ ಹಾಕಲೇಬೇಡಿ.

ಮೊದಲು ಆರೋಗ್ಯವಂತರ ರಕ್ತದಲ್ಲಿ ಐದು ಕಾಲಂ ಮಾಡಿ ಕೈ ಪಳಗಿಸಿಕೊಳ್ಳಿ. ಆಮೇಲೆ ಮೊದಲ ಮೂರು ರೋಗಿಗಳ ಮಾದರಿಯಲ್ಲಿ ಸೋಸುವ ಮುಂಚಿನ ಮತ್ತು ನಂತರದ ಚೇಂಬರ್ ಎಣಿಕೆ, ಕ್ಯೂಪಿಸಿಆರ್ ಅಂಕಿ ಬರೆದು ಕಳಿಸಿ. ಎರಡನೇ ಕಾಲಂ ಬೇಕೋ, ಪುಡಿ ಇನ್ನೂ ಬಿಗಿಯಾಗಬೇಕೋ ಎಂದು ಆ ಅಂಕಿ ನೋಡಿ ಹೇಳುತ್ತೇನೆ.